ಇಲ್ಲ, ಆ ಗ್ಯಾಸನ್ನು ಈ ಕಡೆ ತಿರುಗಿಸೋಕಾಗಲ್ಲ

“ಯುರೋಪಿನವರು ರಷ್ಯಾದ ಗ್ಯಾಸ್ ಬೇಡ ಅಂದ್ರೆ ಏನಂತೆ? ಅದನ್ನೇ ಚೀನಾಕ್ಕೋ ನಮಗೋ ತಿರುಗಿಸಿದ್ರಾಯ್ತು. ಕಚ್ಚಾ ತೈಲ ತಿರುಗಿಸಿಲ್ವಾ?” ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿದ 2022ರಿಂದ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಉತ್ತರ: ಆಗಲ್ಲ. ಪಶ್ಚಿಮ ಸೈಬೀರಿಯಾದಿಂದ ಯುರೋಪಿಗೆ ಪೈಪಿನಲ್ಲಿ ಹೋಗುತ್ತಿದ್ದ ಗ್ಯಾಸಿಗೆ ಚೀನಾ ಕಡೆ ಪೈಪೇ ಇಲ್ಲ. ಭಾರತದ ಕಡೆಗಂತೂ ಆ ಮಾತೇ ಬೇಡ.

ನನಗೆ ರೇಗುವುದು ಪ್ರಶ್ನೆಯ ಕೊನೆಯ ತುಂಡಿಗೆ, ಆ “ಕಚ್ಚಾ ತೈಲ ತಿರುಗಿಸಿಲ್ವಾ” ಅನ್ನೋದಕ್ಕೆ. ತಿರುಗಿಸಿದ್ದಾರೆ, ನಿಜ. ತೈಲ ಅನ್ನೋದು ಪ್ರಿಮೋರ್ಸ್ಕ್, ಉಸ್ತ್-ಲುಗಾ, ನೊವೊರೊಸ್ಸಿಸ್ಕ್ ಬಂದರುಗಳಲ್ಲಿ ಟ್ಯಾಂಕರಿಗೆ ತುಂಬುವ ಸರಕು. ತುಂಬಿದ ಹಡಗು ರಾಟರ್‌ಡ್ಯಾಮ್‌ಗೆ ಹೋಗಬೇಕೋ ಜಾಮ್‌ನಗರಕ್ಕೋ ಅನ್ನೋದನ್ನು ನಿರ್ಧರಿಸುವುದು ಯಾರು ದುಡ್ಡು ಕೊಡುತ್ತಾರೆ, ಯಾರು ವಿಮೆ ಮಾಡುತ್ತಾರೆ ಅನ್ನುವ ಲೆಕ್ಕ. 2022ರ ಡಿಸೆಂಬರ್ 5ರಿಂದ ಜಿ7 ದೇಶಗಳು ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದವು. ಅದಕ್ಕಿಂತ ಹೆಚ್ಚಿಗೆ ಮಾರಿದ ರಷ್ಯಾ ತೈಲಕ್ಕೆ ತಮ್ಮ ಹಡಗೂ ಇಲ್ಲ, ತಮ್ಮ ವಿಮೆಯೂ ಇಲ್ಲ ಅಂದವು. ರಷ್ಯಾ ಹಳೇ ಟ್ಯಾಂಕರುಗಳನ್ನು ಹೊಂದಿಸಿಕೊಂಡು, ರಿಯಾಯಿತಿ ಕೊಟ್ಟು ಮಾರಿತು. ನಮ್ಮ ತೈಲ ಆಮದಿನಲ್ಲಿ ಶೇ 2ರ ಆಸುಪಾಸಿನಲ್ಲಿದ್ದ ರಷ್ಯಾದ ಪಾಲು 2023ರಲ್ಲಿ ಮೂರನೇ ಒಂದನ್ನು ಮುಟ್ಟಿತು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಆ ತೈಲ ಕೊಂಡಿದೆ. ಇಷ್ಟೂ ಆಗಿದ್ದು ಒಂದೂವರೆ ವರ್ಷದೊಳಗೆ, ಹೊಸದಾಗಿ ಒಂದು ಕಿಲೋಮೀಟರ್ ಪೈಪ್ ಹಾಕದೆ.

ಗ್ಯಾಸಿನ ತೊಂದರೆ ಅದರ ಗಾತ್ರ. ಒಂದು ಬ್ಯಾರೆಲ್, ಅಂದರೆ 159 ಲೀಟರ್ ತೈಲದಲ್ಲಿರುವಷ್ಟು ಶಕ್ತಿ ಬೇಕಾದರೆ ಸುಮಾರು 160 ಘನ ಮೀಟರ್ ಗ್ಯಾಸ್ ಬೇಕು. ಸಾವಿರ ಪಟ್ಟು ಜಾಗ. ಹಾಗಾಗಿ ಅದನ್ನು ಒತ್ತಿ ಪೈಪಿನಲ್ಲಿ ತಳ್ಳಬೇಕು, ಇಲ್ಲವೇ ಮೈನಸ್ 162 ಡಿಗ್ರಿಗೆ ತಂಪು ಮಾಡಿ ದ್ರವ ಮಾಡಬೇಕು. ಮೂರನೇ ದಾರಿ ಇಲ್ಲ.

ಮೊದಲು ಪೈಪ್. ಸೋವಿಯತ್ ಕಾಲದ ದೊಡ್ಡ ಲೈನುಗಳ ವ್ಯಾಸ 1,420 ಮಿಲಿಮೀಟರ್, ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 75 ಪಟ್ಟು. ಹರಿಯುತ್ತಾ ಹೋದಂತೆ ಪೈಪಿನ ಗೋಡೆಗೆ ಉಜ್ಜಿ ಒತ್ತಡ ಇಳಿಯುತ್ತದೆ. ಆದ್ದರಿಂದ ನೂರು, ನೂರೈವತ್ತು ಕಿಲೋಮೀಟರಿಗೊಂದು ಕಂಪ್ರೆಸರ್ ಸ್ಟೇಷನ್ ಬೇಕು. ಅಲ್ಲಿ ಟರ್ಬೈನ್ ಓಡಲು ಬೇಕಾದ ಇಂಧನ ಅದೇ ಪೈಪಿನ ಗ್ಯಾಸ್. ಒತ್ತಿದಾಗ ಗ್ಯಾಸ್ ಬಿಸಿಯಾಗುತ್ತದೆ. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಬಿಸಿ ಗ್ಯಾಸ್ ಹೋದರೆ ಸುತ್ತಲಿನ ಮಂಜು ಕರಗಿ, ನೆಲ ಕುಸಿದು, ಪೈಪ್ ಬಾಗುತ್ತದೆ. ಹಾಗಾಗಿ ಒತ್ತಿದ ಮೇಲೆ ಮತ್ತೆ ತಂಪು ಮಾಡಿಯೇ ಮುಂದೆ ಬಿಡಬೇಕು. ಉರೆಂಗೋಯ್‌ನಿಂದ ಪೊಮಾರಿ ಮೂಲಕ ಉಕ್ರೇನಿನ ಉಜ್‌ಹೊರೋಡ್‌ವರೆಗಿನ ಲೈನ್ 4,451 ಕಿಲೋಮೀಟರ್. ನಲವತ್ತರಷ್ಟು ಸ್ಟೇಷನ್‌ಗಳು, ಎಲ್ಲವೂ ಪಶ್ಚಿಮಕ್ಕೆ ತಳ್ಳಲೆಂದೇ ಕೂರಿಸಿದವು.

ಇನ್ನು ಚೀನಾಕ್ಕೆ ಹೋಗುವ ‘ಪವರ್ ಆಫ್ ಸೈಬೀರಿಯಾ’. ಅದರ ಗ್ಯಾಸ್ ಬರುವುದು ಯಾಕುಟಿಯಾದ ಚಯಾಂಡಾ ಮತ್ತು ಇರ್ಕುಟ್ಸ್ಕ್ ಪ್ರಾಂತ್ಯದ ಕೊವಿಕ್ಟಾ ನಿಕ್ಷೇಪಗಳಿಂದ. ಎರಡೂ ಪೂರ್ವ ಸೈಬೀರಿಯಾದವು. ಯುರೋಪಿಗೆ ಹೋಗುತ್ತಿದ್ದದ್ದು ಉರೆಂಗೋಯ್, ಯಾಂಬುರ್ಗ್, ಯಮಾಲ್ ಪರ್ಯಾಯ ದ್ವೀಪದ ಬೊವನೆಂಕೊವೊ ಕಡೆಯದು, ಪಶ್ಚಿಮ ಸೈಬೀರಿಯಾದ್ದು. ಈ ಎರಡು ಜಾಲಗಳ ನಡುವೆ ಜೋಡಣೆಯೇ ಇಲ್ಲ. ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕಾಣುವ ದೇಶ ಗ್ಯಾಸಿನ ಮಟ್ಟಿಗೆ ಎರಡು ದೇಶ. ಅಳತೆ ನೋಡಿ: 2021ರಲ್ಲಿ ಯುರೋಪಿಯನ್ ಒಕ್ಕೂಟ ರಷ್ಯಾದಿಂದ ಪೈಪಿನಲ್ಲಿ ತರಿಸಿಕೊಂಡದ್ದು ಸುಮಾರು 140 ಬಿಸಿಎಂ (ಒಂದು ಬಿಸಿಎಂ ಅಂದರೆ ನೂರು ಕೋಟಿ ಘನ ಮೀಟರ್). ಪವರ್ ಆಫ್ ಸೈಬೀರಿಯಾದ ಸಾಮರ್ಥ್ಯ 38. ಅದಕ್ಕೆ 2014ರ ಮೇ ತಿಂಗಳಲ್ಲಿ ಸಹಿ ಬಿತ್ತು, 2019ರ ಡಿಸೆಂಬರ್‌ನಲ್ಲಿ ಗ್ಯಾಸ್ ಹರಿಯಿತು, ಪೂರ್ತಿ ಮಟ್ಟ ಮುಟ್ಟಿದ್ದು 2024ರ ಡಿಸೆಂಬರ್‌ನಲ್ಲಿ. ಸಹಿಯಿಂದ ಪೂರ್ತಿ ಹರಿವಿಗೆ ಹತ್ತು ವರ್ಷ, ಅದೂ ಪೈಪ್ ಹಾಕುವುದರಲ್ಲಿ ಪಳಗಿದ ದೇಶಕ್ಕೆ.

ನಿಜವಾಗಿ ದಿಕ್ಕು ಬದಲಾಯಿಸಿದ ಪೈಪ್ ಒಂದಿದೆ. ಮಧ್ಯ ಏಷ್ಯಾದಿಂದ ರಷ್ಯಾಕ್ಕೆ ಗ್ಯಾಸ್ ತರುತ್ತಿದ್ದ ಸೋವಿಯತ್ ಲೈನನ್ನು 2023ರ ಅಕ್ಟೋಬರ್‌ನಿಂದ ತಿರುವು ಮಾಡಿ, ಕಝಾಕಿಸ್ತಾನದ ಮೂಲಕ ಉಜ್ಬೇಕಿಸ್ತಾನಕ್ಕೆ ಬಿಡುತ್ತಿದ್ದಾರೆ. ಆರಂಭದ ಪ್ರಮಾಣ ವರ್ಷಕ್ಕೆ 2.8 ಬಿಸಿಎಂ. ಅದನ್ನು 140ರ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಎಲ್‌ಎನ್‌ಜಿ (ತಂಪು ಮಾಡಿ ದ್ರವವಾಗಿಸಿದ ಗ್ಯಾಸ್) ಮಾಡಿ ಕಳಿಸಲಿ ಅನ್ನುತ್ತೀರಿ. ಯಮಾಲ್‌ನ ಸಬೆಟ್ಟಾ ಬಂದರಿನಲ್ಲಿರುವ ಘಟಕದ ಸಾಮರ್ಥ್ಯ ವರ್ಷಕ್ಕೆ 1.74 ಕೋಟಿ ಟನ್. 140 ಬಿಸಿಎಂ ದ್ರವ ಮಾಡಿದರೆ ಹತ್ತು ಕೋಟಿ ಟನ್ ದಾಟುತ್ತದೆ. ಅಂಥ ಆರು ಘಟಕ ಬೇಕು. ಜೊತೆಗೆ ಹಡಗು. ಸಬೆಟ್ಟಾದಿಂದ ಹೊರಡುವುದು ಆರ್ಕ್7 ದರ್ಜೆಯ ಹಡಗುಗಳು, ಸುಮಾರು 2 ಮೀಟರ್ ದಪ್ಪದ ಮಂಜುಗಡ್ಡೆಯನ್ನು ತಾವೇ ಒಡೆದುಕೊಂಡು ಹೋಗಬಲ್ಲವು. ಯಮಾಲ್ ಘಟಕಕ್ಕೆಂದು ಕಟ್ಟಿದ್ದು ಇಂಥ 15. ಬೇಸಿಗೆಯಲ್ಲಿ ಬೇರಿಂಗ್ ಜಲಸಂಧಿ ದಾಟಿ ಚೀನಾಕ್ಕೆ ನೇರ ಹೋಗುತ್ತವೆ. ಚಳಿಗಾಲದಲ್ಲಿ ಪೂರ್ವದ ದಾರಿ ಮುಚ್ಚಿಹೋಗುತ್ತದೆ, ಆಗ ಪಶ್ಚಿಮಕ್ಕೇ ಬರಬೇಕು. ಬೆಲ್ಜಿಯಂನ ಜೀಬ್ರುಗ್‌ನಂಥ ಬಂದರಿನಲ್ಲಿ ಸಾಮಾನ್ಯ ಹಡಗಿಗೆ ಗ್ಯಾಸ್ ದಾಟಿಸಿ, ಇವು ಮತ್ತೆ ಮಂಜಿನೊಳಕ್ಕೆ ಹೋಗಬೇಕು. ದಾಟಿಸಲು ಬಂದರು ಸಿಗದಿದ್ದರೆ ಒಂದೊಂದು ಸುತ್ತೂ ಉದ್ದವಾಗುತ್ತದೆ, ಹಡಗು ಸಾಲದೆ ಬರುತ್ತವೆ, ಟ್ಯಾಂಕ್ ತುಂಬಿ ಘಟಕವೇ ನಿಲ್ಲುತ್ತದೆ. 2025ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟ ನಿಷೇಧಿಸಿದ್ದು ಇದನ್ನೇ, ಮೂರನೇ ದೇಶಕ್ಕೆ ಹೋಗುವ ರಷ್ಯಾ ಎಲ್‌ಎನ್‌ಜಿಯನ್ನು ತನ್ನ ಬಂದರುಗಳಲ್ಲಿ ದಾಟಿಸುವುದನ್ನು. ಎಲ್ಲಿ ಹಿಡಿದರೆ ನೋಯುತ್ತದೆ ಅಂತ ತಿಳಿದವರೇ ಬರೆದ ನಿಷೇಧ ಅದು.

ಎರಡನೇ ಘಟಕವಾದ ಆರ್ಕ್‌ಟಿಕ್ ಎಲ್‌ಎನ್‌ಜಿ-2ರ ಮೇಲೆ ಅಮೆರಿಕ 2023ರ ನವೆಂಬರ್‌ನಲ್ಲಿ ನಿರ್ಬಂಧ ಹೇರಿತು. 2024ರಲ್ಲಿ ಅಲ್ಲಿಂದ ತುಂಬಿಕೊಂಡು ಹೊರಟ ಹಡಗುಗಳು ಕೊಳ್ಳುವವರಿಲ್ಲದೆ ಸಮುದ್ರದಲ್ಲೇ ಅಲೆದವು. ಮೊದಲ ಸರಕು ಚೀನಾದ ಬೈಹೈ ಟರ್ಮಿನಲ್ಲಿಗೆ ಮುಟ್ಟಿದ್ದು 2025ರ ಆಗಸ್ಟ್ ಕೊನೆಗೆ.

ಇಷ್ಟು ಹೇಳಿದ ಮೇಲೆ “ಹಾಗಾದ್ರೆ ಪುಟಿನ್ ತಾನೇ ಯಾಕೆ ವಾಲ್ವ್ ಮುಚ್ಚಿದ್ರು?” ಅನ್ನುತ್ತಾರೆ. ಇದು ಸ್ವಲ್ಪ ಒಳ್ಳೆಯ ಪ್ರಶ್ನೆ. ರಷ್ಯಾದಿಂದ ಜರ್ಮನಿಗೆ ಗ್ಯಾಸ್ ಒಯ್ಯುತ್ತಿದ್ದ ನಾರ್ಡ್ ಸ್ಟ್ರೀಮ್ 1 ಪೈಪನ್ನೇ ತೆಗೆದುಕೊಳ್ಳಿ. ಬಾಲ್ಟಿಕ್ ಸಮುದ್ರದ ತಳದಲ್ಲಿ 1,224 ಕಿಲೋಮೀಟರ್, ಮಧ್ಯೆ ಒಂದೂ ಕಂಪ್ರೆಸರ್ ಇಲ್ಲ. ಜರ್ಮನಿಯ ಲುಬ್ಮಿನ್‌ವರೆಗೆ ತಲುಪುವಷ್ಟು ಒತ್ತಡ, ಸುಮಾರು 220 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು 220 ಪಟ್ಟು), ವೀಬೋರ್ಗ್ ಪಕ್ಕದ ಪೊರ್ಟೊವಾಯಾ ಎಂಬ ಒಂದೇ ಸ್ಟೇಷನ್ ಕೊಡಬೇಕು. ಅಲ್ಲಿನ ಟರ್ಬೈನುಗಳು ಸೀಮೆನ್ಸ್‌ನವು, ದುರಸ್ತಿಗೆ ಹೋಗುತ್ತಿದ್ದದ್ದು ಕೆನಡಾದ ಮಾಂಟ್ರಿಯಲ್‌ಗೆ. 2022ರಲ್ಲಿ ಒಂದು ಟರ್ಬೈನ್ ಕೆನಡಾದ ನಿರ್ಬಂಧದಿಂದಾಗಿ ಅಲ್ಲೇ ಸಿಕ್ಕಿಕೊಂಡಿತು. ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಜೂನ್‌ನಲ್ಲಿ ಹರಿವನ್ನು ಶೇ 40ಕ್ಕೆ ಇಳಿಸಿತು. ಕೆನಡಾ ವಿನಾಯಿತಿ ಕೊಟ್ಟಿತು, ಟರ್ಬೈನ್ ಜರ್ಮನಿಯ ಮ್ಯೂಲ್‌ಹೈಮ್ ಆನ್ ಡೆರ್ ರೂರ್‌ಗೆ ಬಂದು ಕೂತಿತು, ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ಅದರ ಪಕ್ಕ ನಿಂತು ‘ಇದು ಸಿದ್ಧವಿದೆ, ತಗೊಂಡು ಹೋಗಲಿ’ ಎಂಬಂತೆ ಮಾತಾಡಿದರು. ಕಾಗದಪತ್ರ ಸರಿಯಿಲ್ಲ ಅಂದಿತು ಗಾಜ್‌ಪ್ರೋಮ್. ಜುಲೈ ಕೊನೆಗೆ ಶೇ 20, ಆಗಸ್ಟ್ ಕೊನೆಗೆ ಸೊನ್ನೆ. ಸೆಪ್ಟೆಂಬರ್ 26ರ ಸ್ಫೋಟಗಳಲ್ಲಿ ನಾರ್ಡ್ ಸ್ಟ್ರೀಮ್ 1 ಮತ್ತು 2ರ ಒಟ್ಟು ನಾಲ್ಕು ಕೊಳವೆಗಳಲ್ಲಿ ಮೂರು ಒಡೆದವು. ಆ ಬೇಸಿಗೆಯಿಡೀ ಪೊರ್ಟೊವಾಯಾ ಬಳಿ ಗ್ಯಾಸ್ ಉರಿದುಹೋಗುತ್ತಿದ್ದ ಜ್ವಾಲೆ ಗಡಿಯಾಚೆಯ ಫಿನ್‌ಲೆಂಡಿನವರ ಕಣ್ಣಿಗೆ ಬೀಳುತ್ತಿತ್ತು.

ಯುರೋಪ್ ಚಳಿಗೆ ಬಗ್ಗುತ್ತದೆ ಅನ್ನುವುದು ಮಾಸ್ಕೋದ ಲೆಕ್ಕ. ಅದು ತಪ್ಪಿದ್ದು ಇಲ್ಲೇ. ಈ ಪಂದ್ಯದಲ್ಲಿ ತಿರುಗಲು ಆಗುತ್ತಿದ್ದದ್ದು ಕೊಳ್ಳುವವನಿಗೆ. ಜರ್ಮನಿ ತೇಲುವ ಟರ್ಮಿನಲ್ ಬಾಡಿಗೆಗೆ ತಂದು ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಕಟ್ಟಿ, 2022ರ ಡಿಸೆಂಬರ್‌ನಲ್ಲೇ ಗ್ಯಾಸ್ ಇಳಿಸಿಕೊಂಡಿತು. ಅಮೆರಿಕದ ಎಲ್‌ಎನ್‌ಜಿ ಹಡಗುಗಳು ಅತ್ತ ಹರಿದವು. ಅದಕ್ಕೆ ಯುರೋಪ್ ಕೊಟ್ಟ ಬೆಲೆ ವಿಪರೀತ: 2022ರ ಆಗಸ್ಟ್‌ನಲ್ಲಿ ಗ್ಯಾಸ್ ಬೆಲೆ ಮೆಗಾವಾಟ್ ಗಂಟೆಗೆ 300 ಯೂರೋ ದಾಟಿತ್ತು. ಆ ಬೆಲೆಯ ನಿಜವಾದ ಏಟು ಬಿದ್ದದ್ದು ನಮ್ಮ ನೆರೆಯಲ್ಲಿ. 2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಎಲ್‌ಎನ್‌ಜಿಗೆ ಟೆಂಡರ್ ಕರೆದರೆ ಒಬ್ಬನೂ ಬರಲಿಲ್ಲ. ಇದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮಾರುವವನಿಗೆ ತಿರುಗಲು ಜಾಗವಿರಲಿಲ್ಲ. ಬಾವಿಗಳನ್ನು ಮುಚ್ಚಿ ಉತ್ಪಾದನೆ ಇಳಿಸಬೇಕಾಯಿತು. 2023ರಲ್ಲಿ ಗಾಜ್‌ಪ್ರೋಮ್ 629 ಶತಕೋಟಿ ರೂಬಲ್ ನಷ್ಟ ತೋರಿಸಿತು, 1999ರ ನಂತರ ಅದರ ಮೊದಲ ವಾರ್ಷಿಕ ನಷ್ಟ. 2025ರ ಜನವರಿ 1ಕ್ಕೆ ಉಕ್ರೇನ್ ಮಾರ್ಗವೂ ಮುಚ್ಚಿತು. ಅದಕ್ಕೆ ಮುಂಚಿನ ಐದು ತಿಂಗಳು ಒಂದು ವಿಚಿತ್ರ ನಡೆದಿತ್ತು: 2024ರ ಆಗಸ್ಟ್‌ನಲ್ಲಿ ಉಕ್ರೇನ್ ಸೇನೆ ರಷ್ಯಾದೊಳಕ್ಕೆ ನುಗ್ಗಿ, ಗ್ಯಾಸ್ ಅಳೆಯುವ ಸ್ಟೇಷನ್ ಇರುವ ಸುಜಾ ಪಟ್ಟಣ ಹಿಡಿದುಕೊಂಡಿತು. ಸುತ್ತ ಯುದ್ಧ, ಪೈಪಿನೊಳಗೆ ಗ್ಯಾಸ್, ಅದರ ಸಾಗಣೆ ಶುಲ್ಕ ಉಕ್ರೇನಿಗೆ. 2019ರ ಡಿಸೆಂಬರ್‌ನ ಒಪ್ಪಂದ ಮುಗಿಯುವ ದಿನದವರೆಗೂ ಹರಿಯಿತು. ಪೈಪ್ ಅನ್ನೋದು ಎರಡೂ ಕಡೆಯವರ ಕೈಯನ್ನು ಹೇಗೆ ಕಟ್ಟುತ್ತದೆ ಅನ್ನೋದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಈಗ ‘ಪವರ್ ಆಫ್ ಸೈಬೀರಿಯಾ 2’. ಇದು ಯಮಾಲ್ ಕಡೆಯ ಗ್ಯಾಸನ್ನೇ ಮಂಗೋಲಿಯಾದ ಮೂಲಕ ಚೀನಾಕ್ಕೆ ಒಯ್ಯಬೇಕಾದ ಪೈಪ್, ವರ್ಷಕ್ಕೆ 50 ಬಿಸಿಎಂ. ನೀವು ಕೇಳುವ ‘ತಿರುಗಿಸುವುದು’ ಅಂದರೆ ಇದೇ. 2025ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿಯಾಯಿತು, ಬೆಲೆ ಮಾತ್ರ ನಿಗದಿಯಾಗಲಿಲ್ಲ. ಆಗದಿದ್ದದ್ದು ಸಹಜ. ಚೀನಾಕ್ಕೆ ತುರ್ಕಮೆನಿಸ್ತಾನದ ಪೈಪುಗಳಿವೆ, ಕತಾರ್ ಮತ್ತು ಆಸ್ಟ್ರೇಲಿಯಾದ ಹಡಗುಗಳಿವೆ, ಸ್ವಂತ ಗ್ಯಾಸ್ ಇದೆ, ಕಲ್ಲಿದ್ದಲಂತೂ ಬೇಕಾದಷ್ಟು. ಪೈಪಿನ ಆ ತುದಿಯಲ್ಲಿ ಒಬ್ಬನೇ ಗಿರಾಕಿ, ಅವನಿಗೆ ಅವಸರವಿಲ್ಲ. 2014ರ ಮೊದಲ ಒಪ್ಪಂದಕ್ಕೂ ಸಹಿ ಬಿದ್ದದ್ದು ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ವಶ ಮಾಡಿಕೊಂಡು ಎರಡು ತಿಂಗಳಿಗೆ. ಮಾಸ್ಕೋ ಇಕ್ಕಟ್ಟಿನಲ್ಲಿರುವಾಗ ಮೇಜಿಗೆ ಕೂರುವುದು ಬೀಜಿಂಗಿಗೆ ರೂಢಿ.

ನನಗೆ ಯಾರಾದರೂ ಕೇಳಲಿ ಅಂತ ಆಸೆಯಿರುವ ಪ್ರಶ್ನೆ ಬೇರೆ: “ನಮಗೆ ರಷ್ಯಾ ಗ್ಯಾಸ್ ಆಗಲೇ ಬರ್ತಿತ್ತಲ್ಲ, 2022ರಲ್ಲಿ ಅದು ಯಾಕೆ ನಿಂತಿತು?” ಹೌದು, ಬರುತ್ತಿತ್ತು. ನಮ್ಮ ಸರ್ಕಾರಿ ಗ್ಯಾಸ್ ಸಂಸ್ಥೆ ಗೇಲ್ 2012ರಲ್ಲಿ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು, ಮೊದಲ ಹಡಗು ಗುಜರಾತಿನ ದಹೇಜ್‌ಗೆ ಬಂದದ್ದು 2018ರ ಜೂನ್‌ನಲ್ಲಿ. ದಾಭೋಲ್–ಬೆಂಗಳೂರು, ಕೊಚ್ಚಿ–ಮಂಗಳೂರು ಪೈಪ್‌ಲೈನ್‌ಗಳೂ ಇದೇ ಗೇಲ್‌ನವು. ಭಾರತ ರಷ್ಯಾದ ಮೇಲೆ ಯಾವ ನಿರ್ಬಂಧವನ್ನೂ ಹಾಕಿರಲಿಲ್ಲ, ಎರಡು ಸರ್ಕಾರಗಳ ನಡುವೆ ಜಗಳವೂ ಇರಲಿಲ್ಲ. ಆದರೂ ಗ್ಯಾಸ್ ನಿಂತಿತು.

ಕಾರಣ ಒಪ್ಪಂದದ ಕಾಗದದಲ್ಲಿದೆ. ಗೇಲ್ ಜೊತೆ ಸಹಿ ಹಾಕಿದ್ದು ಗಾಜ್‌ಪ್ರೋಮ್‌ನ ಸಿಂಗಪುರ ಮಾರಾಟ ಕಂಪನಿ. ಅದರ ಮೇಲೆ ಯಜಮಾನಿಕೆ ಇದ್ದದ್ದು ಬರ್ಲಿನ್‌ನ ಗಾಜ್‌ಪ್ರೋಮ್ ಜೆರ್ಮೇನಿಯಾಗೆ. 2022ರ ಮಾರ್ಚ್ ಕೊನೆಗೆ ಗಾಜ್‌ಪ್ರೋಮ್ ಆ ಜರ್ಮನ್ ಕಂಪನಿಯನ್ನು ಕೈಬಿಟ್ಟಿತು. ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಅದನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಮೇ ತಿಂಗಳಲ್ಲಿ ರಷ್ಯಾ ಅದರ ಮೇಲೂ ಅದರ ಅಂಗಸಂಸ್ಥೆಗಳ ಮೇಲೂ ಪ್ರತಿನಿರ್ಬಂಧ ಹಾಕಿತು. ಅಲ್ಲಿಗೆ ಸಿಂಗಪುರ ಕಂಪನಿಗೆ ಯಮಾಲ್‌ನ ಗ್ಯಾಸ್ ಬರುವುದು ತಪ್ಪಿತು, ಗೇಲ್‌ಗೆ ಹಡಗು ತಪ್ಪಿತು. ಇಲ್ಲಿ ಗೊಬ್ಬರ ಕಾರ್ಖಾನೆ ಮತ್ತು ಕೈಗಾರಿಕೆಗಳಿಗೆ ಗ್ಯಾಸ್ ಕಡಿತ ಮಾಡಬೇಕಾಯಿತು. ಮಾಸ್ಕೋ ಮತ್ತು ಬರ್ಲಿನ್ ನಡುವಿನ ಏಟು ಭಾರತದ ಯೂರಿಯಾ ಘಟಕಕ್ಕೆ ಬಿತ್ತು. ಗೆಳೆತನದ ಹೆಸರಿನಲ್ಲಿ ಪ್ರಶ್ನೆ ಕೇಳುವವರು ಇದನ್ನೊಮ್ಮೆ ನಿಧಾನವಾಗಿ ಓದಬೇಕು. ದೆಹಲಿ ಮತ್ತು ಮಾಸ್ಕೋ ಚೆನ್ನಾಗಿದ್ದರೂ ಆ ಹಡಗುಗಳನ್ನು ತರಿಸಲಾಗಲಿಲ್ಲ.

2022ರ ನವೆಂಬರ್‌ನಲ್ಲಿ ಜರ್ಮನಿ ಆ ಕಂಪನಿಯನ್ನು ಪೂರ್ತಿ ರಾಷ್ಟ್ರೀಕರಣ ಮಾಡಿತು. ಈಗ ಅದರ ಹೆಸರು ಸೆಫೆ. 2023ರಲ್ಲಿ ಹಡಗುಗಳು ಮತ್ತೆ ಬರತೊಡಗಿದವು. ತಪ್ಪಿದ ಹಡಗುಗಳಿಗಾಗಿ ಗೇಲ್ ಲಂಡನ್‌ನಲ್ಲಿ ಮಧ್ಯಸ್ಥಿಕೆಗೆ ಹೋಗಿ 180 ಕೋಟಿ ಡಾಲರ್‌ವರೆಗೆ ಪರಿಹಾರ ಕೇಳಿತ್ತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ರಷ್ಯಾದ ಗ್ಯಾಸಿಗೆಂದು ಭಾರತದ ಸರ್ಕಾರಿ ಸಂಸ್ಥೆ ಬರೆದುಕೊಂಡ ಆ ಒಪ್ಪಂದದಲ್ಲಿ ಇವತ್ತು ಎದುರು ಪಕ್ಷ ಜರ್ಮನ್ ಸರ್ಕಾರದ ಕಂಪನಿ.