ರೆಕ್ಕೆಯ ಅಡಿಭಾಗದ ಫೋಟೊ ಇದೆಯಾ?

ನನ್ನ ಹೊಟ್ಟೆಪಾಡು ಲೆಕ್ಕಪತ್ರ ತಪಾಸಣೆ, ಹುಚ್ಚು ಚಿಟ್ಟೆಗಳದ್ದು. ಹಗಲೆಲ್ಲ ಬಿಲ್ಲು, ವೋಚರು ತಿರುವಿಹಾಕಿ ಬಂದವಳು ಸಂಜೆ ಕೂತು ಪರಿಚಿತ ಚಿಟ್ಟೆ ಆಸಕ್ತರು ಕಳಿಸಿದ ದಾಖಲೆಗಳನ್ನು ನೋಡುತ್ತೇನೆ. ಮಾಮೂಲಿ ಚಿಟ್ಟೆಗಳಾದರೆ ಕ್ಷಣದ ಕೆಲಸ. “ಮೇಡಂ, ಇದು ಈ ಕಡೆ ಇಲ್ಲವೇ ಇಲ್ಲ ಅಂತಾರೆ, ನಂಗೆ ಸಿಕ್ತು ನೋಡಿ!” ಅಂತ ಯಾರಾದರೂ ಬರೆದರೆ ಮಾತ್ರ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂರುತ್ತೇನೆ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ರೆಕ್ಕೆಯ ಅಡಿಭಾಗದ ಫೋಟೊ ಇದೆಯಾ?

ಇದಕ್ಕೆ ಕೆಲವರು ಮುನಿಸಿಕೊಳ್ಳುತ್ತಾರೆ. “ನಾನೇನು ಸುಳ್ಳು ಹೇಳ್ತೀನಾ?” ಇಲ್ಲ ಮಾರಾಯರೇ, ಹಾಗಂತ ಯಾರು ಅಂದರು? ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಆದರೆ ಆ ನಂಬಿಕೆಯನ್ನು ದಾಖಲೆಯ ಜೊತೆ ಲಗತ್ತಿಸಿ ಇಡಲು ಬರುವುದಿಲ್ಲ. ನಾವಿಬ್ಬರೂ ಇಲ್ಲದ ಕಾಲದಲ್ಲಿ ಯಾರೋ ಇದನ್ನು ತೆಗೆದು ನೋಡುತ್ತಾರೆ. ಅವರಿಗೆ ನೀವು ಯಾರೋ, ನಾನು ಯಾರೋ. ಅವರ ಕೈಗೆ ಸಿಗುವುದು ಚಿತ್ರ, ತಾರೀಕು, ಜಾಗ, ನಾಲ್ಕು ಸಾಲಿನ ಟಿಪ್ಪಣಿ. ಅಷ್ಟರಲ್ಲೇ ಅವರು ಹೌದೋ ಅಲ್ಲವೋ ಅಂತ ತೀರ್ಮಾನಿಸಬೇಕು.

ದೊಡ್ಡವರ ಹೆಸರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದಕ್ಕೆ ನನಗೆ ಬಲು ಇಷ್ಟವಾದ ಕಥೆಯೊಂದಿದೆ. 1702ರಲ್ಲಿ ಇಂಗ್ಲೆಂಡಿನ ವಿಲಿಯಂ ಚಾರ್ಲ್‌ಟನ್ ಅನ್ನುವವರಿಂದ ಜೇಮ್ಸ್ ಪೆಟಿವರ್ ಎಂಬ ಸಂಗ್ರಾಹಕರಿಗೆ ಒಂದು ಚಿಟ್ಟೆ ಬಂತು. ನೋಡಲು ಅಲ್ಲಿನ ಹಳದಿ ಬ್ರಿಮ್‌ಸ್ಟೋನ್ ಚಿಟ್ಟೆಯ ಹಾಗೇ ಇದೆ, ಆದರೆ ರೆಕ್ಕೆಯ ಮೇಲೆ ಕಪ್ಪು ಮಚ್ಚೆಗಳು, ಹಿಂದಿನ ರೆಕ್ಕೆಯಲ್ಲಿ ನೀಲಿ ಚಂದ್ರ! ಜೀವಿಗಳಿಗೆ ಹೆಸರಿಡುವ ಪದ್ಧತಿಯನ್ನೇ ಕಟ್ಟಿಕೊಟ್ಟ ಲಿನೇಯಸ್ 1763ರಲ್ಲಿ ಅದನ್ನು ಹೊಸ ಪ್ರಭೇದವೆಂದು ಒಪ್ಪಿ ಪ್ಯಾಪಿಲಿಯೊ ಎಕ್ಲಿಪ್ಸಿಸ್ ಎಂದು ಹೆಸರೂ ಇಟ್ಟರು. ಮೂವತ್ತು ವರ್ಷ ಕಳೆದು, 1793ರಲ್ಲಿ, ಲಿನೇಯಸರ ಶಿಷ್ಯರೇ ಆದ ಫ್ಯಾಬ್ರಿಷಿಯಸ್ ಹತ್ತಿರದಿಂದ ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ಅದು ಅದೇ ಮಾಮೂಲಿ ಬ್ರಿಮ್‌ಸ್ಟೋನ್, ಮೇಲೆ ಬಣ್ಣ ಬಳಿದದ್ದು. ಈಗಿನವರು ಮೊಬೈಲಿನಲ್ಲಿ ಫಿಲ್ಟರ್ ಹಾಕಿ ಕಳಿಸುವುದನ್ನು ನೋಡಿದಾಗೆಲ್ಲ ನನಗೆ ಈ ಚಾರ್ಲ್‌ಟನ್ ನೆನಪಾಗುತ್ತಾರೆ. ಬಣ್ಣ ಎದ್ದು ಕಾಣಲಿ ಅಂತ ಹಳದಿಯನ್ನು ಕೇಸರಿ ಮಾಡಿಬಿಟ್ಟರೆ, ದಯವಿಟ್ಟು ಹೇಳಿ, ನಾನು ಏನಂತ ಗುರುತಿಸಲಿ?

ಅಡಿಭಾಗ ಯಾಕೆ ಅಂತೀರಾ? ಹಳದಿ ಚಿಟ್ಟೆಗಳನ್ನೇ ತೆಗೆದುಕೊಳ್ಳಿ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಓಲಾಡುವ ಗ್ರಾಸ್ ಯೆಲ್ಲೋಗಳು ಮೇಲಿನಿಂದ ಎಲ್ಲ ಒಂದೇ ಥರ. ರೆಕ್ಕೆ ಮುಚ್ಚಿ ಕೂತಾಗ ಮುಂದಿನ ರೆಕ್ಕೆಯ ಅಡಿಯಲ್ಲಿ, ಬುಡದ ಕಡೆ ನರಗಳ ನಡುವಿನ ಕೋಶದೊಳಗೆ, ಸಣ್ಣ ಕಂದು ಗುರುತುಗಳು ಕಾಣುತ್ತವೆ. ಒಂದಿದ್ದರೆ ಒನ್‌ಸ್ಪಾಟ್, ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ‌ಸ್ಪಾಟ್. ಇಷ್ಟು ಸಲೀಸಾಗಿದ್ದರೆ ಸ್ವರ್ಗವೇ ಆಗುತ್ತಿತ್ತು. ಈ ಗುರುತುಗಳು ಕೆಲವೊಮ್ಮೆ ಮಾಸಿರುತ್ತವೆ, ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಆಗ ಮೊಟ್ಟೆ ಕೈಹಿಡಿಯುತ್ತದೆ. ಕಾಮನ್ ಗ್ರಾಸ್ ಯೆಲ್ಲೋ ಒಂದೊಂದೇ ಮೊಟ್ಟೆ ಇಟ್ಟು ಮುಂದೆ ಹೋದರೆ, ತ್ರೀ‌ಸ್ಪಾಟ್ ಗುಂಪಾಗಿ ಇಡುತ್ತದೆ. ಅದರ ಕಂಬಳಿಹುಳುಗಳೂ ಗುಂಪಾಗಿಯೇ ಮೇಯುತ್ತವೆ. ಚಿಟ್ಟೆಯ ಫೋಟೊ ಕಲಸಿಹೋಗಿದ್ದರೂ ಎಲೆಯ ಮೇಲಿನ ಮೊಟ್ಟೆಗಳ ಫೋಟೊ ಇದ್ದರೆ ನನ್ನ ಕೆಲಸ ಅರ್ಧ ಮುಗಿಯಿತು. ನೀಲಿ ಚಿಟ್ಟೆಗಳ ಮಾತಂತೂ ಕೇಳಲೇಬೇಡಿ. ಎಲ್ಲರೂ ಮೇಲಿನ ನೀಲಿಗೆ ಮನಸೋತು ಅದರ ಹಿಂದೆಯೇ ಓಡುತ್ತಾರೆ, ಅವುಗಳ ಗುರುತುಚೀಟಿ ಇರುವುದು ಅಡಿಭಾಗದ ಬೂದು ಗೆರೆಗಳಲ್ಲಿ.

ಹಾಗಂತ ಫೋಟೊ ಒಂದೇ ಸಾಕ್ಷಿಯಲ್ಲ. ಒಮ್ಮೆ ಕಾಲೇಜು ಹುಡುಗನೊಬ್ಬ ಒಂದು ಚಿತ್ರ ಕಳಿಸಿದ. ಕಿತ್ತಳೆ ಬಣ್ಣ, ರೆಕ್ಕೆಯ ತುದಿಯಲ್ಲಿ ಕಪ್ಪು, ಅದರೊಳಗೆ ಬಿಳಿ ಪಟ್ಟೆ, ಉಳಿದದ್ದೆಲ್ಲ ಮಂಜು ಮಂಜು. ಯಾರು ನೋಡಿದರೂ ಪ್ಲೇನ್ ಟೈಗರ್ ಅನ್ನುತ್ತಿದ್ದರು, ಎಕ್ಕದ ಗಿಡ ಇರುವಲ್ಲೆಲ್ಲ ಇರುವ ಚಿಟ್ಟೆ. ಆದರೆ ಅವನು ಕೆಳಗೆ ಬರೆದಿದ್ದ: “ಪಕ್ಕದಲ್ಲೇ ಎಕ್ಕ ಇದ್ದರೂ ಅದರ ಕಡೆ ಹೋಗಲಿಲ್ಲ. ನೆಲದ ಗೋಣಿಸೊಪ್ಪಿನ ಮೇಲೆ ಕೂತು ಹೊಟ್ಟೆಯ ತುದಿ ಬಾಗಿಸುತ್ತಿತ್ತು, ಎರಡು ಮೂರು ಕಡೆ ಹಾಗೇ ಮಾಡಿತು.” ಆ ಸಾಲು ಓದಿ ನಾನು ಎದ್ದೇ ನಿಂತೆ. ಪ್ಲೇನ್ ಟೈಗರ್ ಗೋಣಿಸೊಪ್ಪಿನ ಮೇಲೆ ಮೊಟ್ಟೆ ಇಡುವುದಿಲ್ಲ. ಇಡುವುದು ಅದರ ವೇಷ ಹಾಕಿಕೊಂಡು ತಿರುಗುವ ಡಾನೈಡ್ ಎಗ್‌ಫ್ಲೈ ಹೆಣ್ಣು. ಎಕ್ಕದ ಹಾಲಿನ ವಿಷ ಮೈಯಲ್ಲಿರುವ ಪ್ಲೇನ್ ಟೈಗರನ್ನು ಹಕ್ಕಿಗಳು ಮುಟ್ಟಲು ಹಿಂಜರಿಯುತ್ತವೆ, ಈ ಹೆಣ್ಣು ಅದೇ ಬಣ್ಣ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಇದರ ಗಂಡು ಬೇರೆಯೇ, ಕಡುಗಪ್ಪು ರೆಕ್ಕೆಗೆ ನೀಲಿ ಅಂಚಿನ ಬಿಳಿ ಬೊಟ್ಟುಗಳು. ನಮ್ಮ ಕಡೆಯ ಚಿಟ್ಟೆಗಳ ಪಟ್ಟಿಯಲ್ಲಿ ಅಲ್ಲಿಯವರೆಗೆ ಇದ್ದದ್ದು ಗಂಡು ಮಾತ್ರ. ಮಾರನೆಯ ದಿನ ಹುಡುಗ ಮತ್ತೆ ಅಲ್ಲಿಗೇ ಹೋಗಿ ರೆಕ್ಕೆ ಬಿಚ್ಚಿದ ಫೋಟೊ ತಂದ. ಹಿಂದಿನ ರೆಕ್ಕೆಯ ಮೇಲಂಚಿನ ಹತ್ತಿರ ಒಂದೇ ಕಪ್ಪು ಚುಕ್ಕೆ. ಪ್ಲೇನ್ ಟೈಗರ್ ಆಗಿದ್ದರೆ ನಡುವಿನಲ್ಲಿ ಮೂರೋ ನಾಲ್ಕೋ ಇರಬೇಕಿತ್ತು.

ಅವನ ಟಿಪ್ಪಣಿಯ ಬೆಲೆ ಎಲ್ಲಿದೆ ಅಂದರೆ, ಬರೆಯುವಾಗ ಅವನಿಗೆ ಅದು ಯಾವ ಚಿಟ್ಟೆ ಅಂತ ಗೊತ್ತಿರಲಿಲ್ಲ. ಹೆಸರು ಹುಡುಕುವ ಮೊದಲೇ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ಹೆಸರು ಗೊತ್ತಾದ ಮೇಲೆ ಬರೆದ ಟಿಪ್ಪಣಿಗಳಲ್ಲಿ ನನಗೆ ಕ್ಷೇತ್ರ ಕೈಪಿಡಿಯ ವಾಸನೆ ಹೊಡೆಯುತ್ತದೆ. ಕಣ್ಣಿಗೆ ಬೀಳಲು ಸಾಧ್ಯವೇ ಇಲ್ಲದ ಚುಕ್ಕೆಗಳೂ ಅದರಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ.

ಅಪರೂಪ ಅಂತ ಬರುವುದರಲ್ಲಿ ಬಹುಪಾಲು ಮಾಮೂಲಿ ಚಿಟ್ಟೆಗಳ ಬೇರೆ ರೂಪಗಳೇ. ಪ್ಲೇನ್ ಟೈಗರಿನಲ್ಲೇ ಹಿಂದಿನ ರೆಕ್ಕೆ ಬೆಳ್ಳಗಿರುವ ಆಲ್ಸಿಪ್ಪಸ್, ತುದಿಯ ಕಪ್ಪೇ ಇಲ್ಲದ ಡೋರಿಪ್ಪಸ್ ಅನ್ನುವ ರೂಪಗಳಿವೆ. ತಮಾಷೆ ಏನೆಂದರೆ, ಎಗ್‌ಫ್ಲೈ ಹೆಣ್ಣುಗಳಲ್ಲಿ ಆ ಎರಡನ್ನೂ ನಕಲು ಮಾಡಿದ ರೂಪಗಳೂ ಇವೆ. ಕಾಮನ್ ಈವನಿಂಗ್ ಬ್ರೌನ್ ಮಳೆಗಾಲದಲ್ಲಿ ಅಡಿಭಾಗದ ತುಂಬ ಕಣ್ಣುಗಳನ್ನು ಬಿಡಿಸಿಕೊಂಡಿರುತ್ತದೆ, ಒಣಗಾಲದಲ್ಲಿ ಅವೆಲ್ಲ ಮಾಯವಾಗಿ ಬರೀ ತರಗೆಲೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಚಿಟ್ಟೆ ಅಂತ ಪ್ರಮಾಣ ಮಾಡುವವರಿದ್ದಾರೆ.

ಆದರೆ ನಿಜವಾಗಿಯೂ ದಾರಿ ತಪ್ಪಿ ಬರುವವೂ ಇವೆ. 2013ರ ಅಕ್ಟೋಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಡಲ ತೀರದಲ್ಲಿ ಜೆರಾರ್ಡ್ ತಲವೇರಾ ಎಂಬ ವಿಜ್ಞಾನಿಗೆ ಪೇಂಟೆಡ್ ಲೇಡಿ ಚಿಟ್ಟೆಗಳು ಸಿಕ್ಕವು. ರೆಕ್ಕೆ ಹರಿದು ಮರಳ ಮೇಲೆ ಸುಸ್ತಾಗಿ ಕೂತಿದ್ದವು. ಆ ಭಾಗದಲ್ಲಿ ಈ ಚಿಟ್ಟೆ ನೆಲೆಸಿಲ್ಲ. ಹಾಗಾದರೆ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಪ್ರಕಟವಾದದ್ದು 2024ರಲ್ಲಿ. ಆ ದಿನಗಳ ಗಾಳಿಯ ದಿಕ್ಕು ನೋಡಿದರು, ಆಫ್ರಿಕಾದ ಕಡೆಯಿಂದ ಬೀಸುತ್ತಿತ್ತು. ವಂಶವಾಹಿ ನೋಡಿದರು, ಉತ್ತರ ಅಮೆರಿಕದವುಗಳಿಗಿಂತ ಯುರೋಪ್ ಮತ್ತು ಆಫ್ರಿಕಾದವುಗಳಿಗೆ ಹತ್ತಿರ. ಮೈಗೆ ಅಂಟಿದ ಪರಾಗದ ಡಿಎನ್‌ಎಯಲ್ಲಿ ಆಫ್ರಿಕಾದ ಗಿಡಗಳು ಸಿಕ್ಕವು. ರೆಕ್ಕೆಯ ಐಸೊಟೋಪುಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅವು ಹುಟ್ಟಿದ ಸೀಮೆಯ ಅಂದಾಜೂ ಸಿಕ್ಕಿತು. ಎಲ್ಲ ಕೂಡಿಸಿದರೆ ಅಟ್ಲಾಂಟಿಕ್ ದಾಟಿ ಕನಿಷ್ಠ 4,200 ಕಿಲೋಮೀಟರ್ ಹಾರಾಟ! ಅಲ್ಲಿ ಆ ಚಿಟ್ಟೆ ಪೇಂಟೆಡ್ ಲೇಡಿ ಅನ್ನುವುದರಲ್ಲಿ ಮೊದಲ ದಿನದಿಂದಲೂ ಅನುಮಾನ ಇರಲಿಲ್ಲ. ವರ್ಷಗಳು ಹಿಡಿದದ್ದು ಅದು ಅಲ್ಲಿ ಹೇಗೆ ಬಂತು ಅನ್ನುವುದಕ್ಕೆ.

ನಮ್ಮಂಥವರ ಹತ್ತಿರ ಐಸೊಟೋಪು ನೋಡುವ ಯಂತ್ರ ಇಲ್ಲ. ಕೇಳುವ ಬಾಯಿ ಇದೆ. ಬಿರುಗಾಳಿ ಬಂದು ಹೋಗಿತ್ತೇ? ಹತ್ತಿರದಲ್ಲಿ ನರ್ಸರಿ ಇದೆಯೇ? ಜೆರೇನಿಯಂ ಬ್ರಾಂಜ್ ಎಂಬ ಪುಟ್ಟ ಚಿಟ್ಟೆ ದಕ್ಷಿಣ ಆಫ್ರಿಕಾದಿಂದ ಯುರೋಪಿಗೆ ಹೋದದ್ದು ಕುಂಡದ ಗಿಡಗಳ ಜೊತೆ. ಚಿಟ್ಟೆ ಉದ್ಯಾನದಿಂದ ತಪ್ಪಿಸಿಕೊಂಡದ್ದೋ, ಸಮಾರಂಭದಲ್ಲಿ ಯಾರೋ ಹಾರಿಬಿಟ್ಟದ್ದೋ ಆಗಿರಬಹುದು. ರೆಕ್ಕೆ ಹೊಚ್ಚ ಹೊಸದಾಗಿದ್ದರೆ ಅಲ್ಲೇ ಹತ್ತಿರ ಪ್ಯೂಪಾದಿಂದ ಹೊರಬಂದಿರಬೇಕು ಅನ್ನುವ ಅನುಮಾನ ಬರುತ್ತದೆ. ಸವೆದು ಚಿಂದಿಯಾಗಿದ್ದರೆ ದೂರದ ಪಯಣ ಇರಬಹುದು, ವಯಸ್ಸೂ ಇರಬಹುದು. ಆದ್ದರಿಂದ ಚಿಂದಿ ರೆಕ್ಕೆಯ ಫೋಟೊ ಚೆನ್ನಾಗಿಲ್ಲ ಅಂತ ಅಳಿಸಬೇಡಿ. ನನಗೆ ಬೇಕಾದದ್ದು ಅದೇ.

ತಾರೀಕಿನ ವಿಷಯಕ್ಕೆ ಬಂದರೆ ನನ್ನೊಳಗಿನ ಆಡಿಟರ್ ಎಚ್ಚರವಾಗುತ್ತಾಳೆ. ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದರೊಳಗಿನ ತಾರೀಕು, ಸಮಯ, ಜಾಗದ ಮಾಹಿತಿ ಉದುರಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಮೂಲ ಫೈಲನ್ನೇ ಮೇಲ್ ಮಾಡಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ. ನಡುರಾತ್ರಿಯಲ್ಲಿ ಬಿಸಿಲು ಕಾಯುವ ಚಿಟ್ಟೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಚಂದದ ಚಿತ್ರ ಆರಿಸಬೇಡಿ, ಹಿಂದು ಮುಂದಿನ ನಾಲ್ಕಾರು ಇರಲಿ. ಆಗ ಅದು ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದಲ್ಲ ಅನ್ನುವುದೂ ಕೇಳದೆಯೇ ತಿಳಿಯುತ್ತದೆ.

ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಇನ್ನೊಂದು ಪೇಚಿದೆ. ಕಂಡ ಜೀವಿಯ ಫೋಟೊ ಹಾಕಿದರೆ ಅದು ಯಾವುದೆಂದು ಅಲ್ಲಿ ಬೇರೆಯವರು ಗುರುತಿಸುತ್ತಾರೆ. ಹಾಗೆ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದಕ್ಕೆ ಒಪ್ಪಿ, ತಾರೀಕು ಜಾಗ ಎಲ್ಲ ಸರಿಯಿದ್ದರೆ ದಾಖಲೆ ‘ರಿಸರ್ಚ್ ಗ್ರೇಡ್’ ಆಗುತ್ತದೆ. ಅಂದರೆ ಇಬ್ಬರು ಒಪ್ಪಿದರೂ ಸಾಕು. ಎರಡನೆಯವರು ಚಿತ್ರ ನೋಡಿ ಒಪ್ಪಿದರೋ, ಮೊದಲನೆಯವರ ಹೆಸರು ನೋಡಿ ಒಪ್ಪಿದರೋ? ಸ್ನೇಹಕ್ಕೆ ಒತ್ತಿದ ಒಪ್ಪಿಗೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದೂ ಅಪರೂಪದ ಚಿಟ್ಟೆಯ ವಿಷಯದಲ್ಲಿ.

ಎಷ್ಟು ಕೇಳಿದರೂ ತೀರ್ಮಾನಕ್ಕೆ ಬರದವು ಇದ್ದೇ ಇರುತ್ತವೆ. ಸ್ಕಿಪ್ಪರ್ ಎಂಬ ಗುಂಪಿನ ಚಿಟ್ಟೆಗಳಲ್ಲಿ ಕೆಲವನ್ನು ಜನನಾಂಗ ಪರೀಕ್ಷಿಸದೆ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕಾಗಿ ಹಿಡಿದು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ, ಅದು ಅನುಮತಿ ಪಡೆದ ಸಂಶೋಧಕರ ಕೆಲಸ. ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಜಾತಿಯ (ಜೀನಸ್) ಮಟ್ಟದಲ್ಲಿ ನಿಲ್ಲಿಸಿ ‘ಪ್ರಭೇದ ಖಚಿತವಿಲ್ಲ’ ಅಂತ ಬರೆದುಬಿಡುತ್ತೇನೆ. ಕಳಿಸಿದವರಿಗೆ ಬೇಸರ. ಆದರೆ ಯುರೋಪಿನ ವುಡ್ ವೈಟ್ ಚಿಟ್ಟೆಯನ್ನು ನೋಡಿ. ಒಂದೇ ಅಂದುಕೊಂಡಿದ್ದದ್ದು 1988ರಲ್ಲಿ ಎರಡಾಯಿತು, 2011ರಲ್ಲಿ ಡಿಎನ್‌ಎ ನೋಡಿ ಮೂರಾಯಿತು. ಹಳೆಯ ದಾಖಲೆಗಳ ಜೊತೆ ಜಾಗ, ತಾರೀಕು ನಿಖರವಾಗಿ ಇದ್ದವರಿಗೆ ಮತ್ತೆ ವಿಂಗಡಿಸಲು ಏನೋ ಒಂದು ಆಸರೆ ಇತ್ತು.

ಕೊನೆಯದಾಗಿ ಜಾಗದ ಗುಟ್ಟು. ಖಚಿತವಾದ ಮೇಲೆ ನಿಖರವಾದ ಜಾಗವನ್ನು ಎಲ್ಲರಿಗೂ ತೋರಿಸಬೇಕೇ? ಈ ವಿಷಯಕ್ಕೆ ನನಗೂ ಒಬ್ಬ ಹಳೆಯ ಗೆಳತಿಗೂ ಜಗಳ ಇನ್ನೂ ಮುಗಿದಿಲ್ಲ. “ಮುಚ್ಚಿಟ್ರೆ ಆ ಜಾಗ ಉಳಿಸಿ ಅಂತ ಯಾರನ್ನ ಕೇಳ್ತೀಯೇ?” ಅನ್ನುತ್ತಾಳೆ ಅವಳು. ಅಲೆದು ಬಂದ ಒಂಟಿ ಚಿಟ್ಟೆಯಾದರೆ ತೋರಿಸಲು ನನ್ನ ಅಡ್ಡಿಯಿಲ್ಲ, ನಾಳೆ ಅದು ಅಲ್ಲಿರುವುದೂ ಇಲ್ಲ. ಆದರೆ ಒಂದೇ ಪೊದೆಯನ್ನು ನಂಬಿ ಸಂಸಾರ ಹೂಡಿದ್ದಾದರೆ, ಫೋಟೊಗೆಂದು ಬರುವವರ ಕಾಲ್ತುಳಿತಕ್ಕೇ ಕಂಬಳಿಹುಳುಗಳು ಹೋಗಿಬಿಡಬಹುದು. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕಾಗಿಸುವ ಆಯ್ಕೆ ಇದೆ, ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಅಂತ ಮಾತ್ರ ಹೊರಗಿನವರಿಗೆ ಕಾಣುತ್ತದೆ. ನನಗೆ ಕಳಿಸುವಾಗ ಮಾತ್ರ ಮಸುಕು ಬೇಡ. ಗಿಡದ ಹೆಸರಿನ ಸಮೇತ ಕಳಿಸಿ, ಮಸುಕಾಗಿಸುವುದು ಆಮೇಲೆ ನೋಡೋಣ.