ಬರೋಲೊ: ಬಣ್ಣ ತಿಳಿ, ಒಗರು ಗಟ್ಟಿ

ಅಕ್ಟೋಬರ್ ಬೆಳಿಗ್ಗೆ ಲಾ ಮೊರಾ ಊರಿನ ನೆತ್ತಿಯಿಂದ ನೋಡಿದರೆ ಕೆಳಗಿನ ಕಣಿವೆಯೆಲ್ಲ ಮಂಜು, ಗುಡ್ಡಗಳ ತಲೆ ಮಾತ್ರ ಮೇಲಿರುತ್ತದೆ. ಇದು ವಾಯವ್ಯ ಇಟಲಿಯ ಪಿಯೆಮಾಂಟೆಯ ಲಾಂಗೆ ಸೀಮೆ. ಮಂಜಿಗೆ ಇಲ್ಲಿ ನೆಬ್ಬಿಯಾ ಎನ್ನುತ್ತಾರೆ, ಬರೋಲೊ ವೈನಿನ ದ್ರಾಕ್ಷಿಗೆ ನೆಬ್ಬಿಯೋಲೊ. ಹೆಸರು ಈ ಮಂಜಿನದೇ ಎನ್ನುವವರಿದ್ದಾರೆ, ಹಣ್ಣಿನ ಮೇಲಿನ ಬೂದು ಲೇಪದ್ದು ಎನ್ನುವವರೂ ಇದ್ದಾರೆ. ಹೆಬ್ಬೆರಳಲ್ಲಿ ಒರೆಸಿದರೆ ಆ ಬೂದಿ ಅಳಿಸಿಹೋಗಿ ಕಡುನೇರಳೆ ಸಿಪ್ಪೆ ಹೊಳೆಯುತ್ತದೆ.

ಈ ಬಳ್ಳಿ ಎಲ್ಲಕ್ಕಿಂತ ಮೊದಲು ಚಿಗುರಿ ಎಲ್ಲಕ್ಕಿಂತ ಕೊನೆಗೆ ಹಣ್ಣಾಗುತ್ತದೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಬಿಸಿಲಿನ ಇಳಿಜಾರುಗಳೆಲ್ಲ ಇದಕ್ಕೇ ಮೀಸಲು. ಇಲ್ಲಿಯ ಬೇರೆ ದ್ರಾಕ್ಷಿಗಳಾದ ಬಾರ್ಬೆರಾ, ಡೊಲ್ಚೆಟ್ಟೊ ಉಳಿದ ಜಾಗದಲ್ಲಿ ಹೊಂದಿಕೊಳ್ಳುತ್ತವೆ. ಕಡ್ಡಿಯ ಬುಡದ ಎರಡು-ಮೂರು ಕಣ್ಣುಗಳಲ್ಲಿ ಗೊಂಚಲು ಬರುವುದು ಅಪರೂಪ. ಅದಕ್ಕೇ ಚಾಟ್ನಿ ಮಾಡುವಾಗ, ಅಂದರೆ ಬಳ್ಳಿ ಸವರುವಾಗ, ಕಡ್ಡಿಯನ್ನು ಉದ್ದಕ್ಕೇ ಬಿಡಬೇಕು. ಗಿಡ್ಡಕ್ಕೆ ಕತ್ತರಿಸಿದರೆ ಬರೀ ಎಲೆ.

ಹಳೆಯ ಕ್ರಮದ ನೆಲಮಾಳಿಗೆಗಳಲ್ಲಿ ರಸ ಸಿಪ್ಪೆಯ ಜೊತೆ ಮೂರ್ನಾಲ್ಕು ವಾರ ಇರುತ್ತದೆ. ಆಮೇಲೆ ಸಾವಿರಾರು ಲೀಟರ್ ಹಿಡಿಯುವ ಓಕ್ ಪೀಪಾಯಿ. ಚಿಕ್ಕ ಹೊಸ ಪೀಪಾಯಿಗೆ ತುಂಬಿದರೆ ಮರದ ವೆನಿಲ್ಲಾ ವಾಸನೆ ಈ ವೈನಿನ ಗುಲಾಬಿ ಪರಿಮಳದ ಮೇಲೆ ಕೂತುಬಿಡುತ್ತದೆ, ನೆಬ್ಬಿಯೋಲೊಗೆ ಅದು ಅನ್ಯಾಯ. 1980ರಿಂದ ಬರೋಲೊ ಇಟಲಿಯ ವೈನುಗಳ ಅತಿ ಮೇಲಿನ ದರ್ಜೆಯಾದ ಡಿಒಸಿಜಿಯಲ್ಲಿದೆ. ನೆಬ್ಬಿಯೋಲೊ ಬಿಟ್ಟು ಬೇರೆ ದ್ರಾಕ್ಷಿ ಬೆರೆಸುವಂತಿಲ್ಲ, 11 ಗ್ರಾಮಗಳ ಹೊರಗಿನ ಹಣ್ಣೂ ಸಲ್ಲದು. ಒಟ್ಟು 38 ತಿಂಗಳು ಮಾಗಬೇಕು, ಅದರಲ್ಲಿ 18 ಮರದಲ್ಲಿ. ಇನ್ನೂ ಹೆಚ್ಚು ಮಾಗಿಸಿದ್ದಕ್ಕೆ ರಿಸರ್ವಾ ಎಂಬ ಹೆಸರು, ಅದಕ್ಕೆ 62 ತಿಂಗಳು.

ಸಂಜೆ ಎರಡು ಗ್ಲಾಸು ಪಕ್ಕಪಕ್ಕ ಇಟ್ಟಾಗಲೇ ಮಣ್ಣಿನ ಮಾತು ತಿಳಿಯುವುದು. ಲಾ ಮೊರಾ ಕಡೆಯ ಮಣ್ಣು ನೀಲಿಬೂದು ಬಣ್ಣದ ಸುಣ್ಣಜೇಡಿ. ಅಲ್ಲಿಯ ವೈನ್ ಬೇಗ ಮೃದುವಾಗುತ್ತದೆ, ಒಣಗಿದ ಗುಲಾಬಿ ಎಸಳಿನ ಪರಿಮಳ ಮುಂದಾಗಿರುತ್ತದೆ. ಇನ್ನೊಂದು ಗ್ರಾಮ ಸೆರಲುಂಗಾ ಕಡೆಯದು ಮರಳುಗಲ್ಲು ಬೆರೆತ ಇನ್ನೂ ಹಳೆಯ ನೆಲ, ವೈನೂ ಬಿಗಿ, ಡಾಂಬರಿನ ಛಾಯೆ ಹೆಚ್ಚು. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಹಿಡಿದರೆ ಅಂಚು ಇಟ್ಟಿಗೆಗೆಂಪು, ಕೆಳಗಿನ ಅಕ್ಷರಗಳನ್ನೂ ಓದಬಹುದು. ಇಷ್ಟು ತಿಳಿಯಾದದ್ದು ಸಪ್ಪೆಯೇ ಇರಬೇಕು ಎಂದುಕೊಂಡು ಗುಟುಕರಿಸಿದವರ ನಾಲಗೆ ಎಳೆ ಅಡಿಕೆ ಜಗಿದಂತೆ ಹಿಡಿದುಕೊಳ್ಳುತ್ತದೆ. ಮಲೆನಾಡಿನವರಿಗೆ ಚೊಗರು ಎಂದರೆ ಸಾಕು, ಅದೇ ಜಾತಿಯ ಒಗರು. ಒಗರು ತರುವ ಅಂಶ ಟ್ಯಾನಿನ್, ಅದು ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ. ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಇಲ್ಲವೇ ಮಾಗಿದ ಚೀಸ್ ಜೊತೆಗಿದ್ದರೆ ಆ ಹಿಡಿತ ಸಡಿಲುತ್ತದೆ. ಖಾರದ ಊಟಕ್ಕೆ ಮಾತ್ರ ಬೇಡ, ಉರಿ ಮತ್ತು ಒಗರು ಎರಡೂ ಏರುತ್ತವೆ.

ಕೆಡುವುದು ಹೆಚ್ಚಾಗಿ ಬಾಟಲಿ ತೆರೆಯುವಾಗ. ಬಿರಡೆ ಕಿತ್ತು ಹಾಗೇ ಇಟ್ಟರೆ ಕತ್ತಿನಷ್ಟಗಲದ ಬಾಯಿಯಿಂದ ಗಾಳಿ ಏನೂ ಆಡದು. ಎಳೆಯ ಬರೋಲೊವನ್ನು ಎರಡು-ಮೂರು ಗಂಟೆ ಮೊದಲೇ ಅಗಲ ತಳದ ಗಾಜಿನ ಹೂಜಿಗೆ ಬಗ್ಗಿಸಬೇಕು. ಮೂವತ್ತು ವರ್ಷದ ಬಾಟಲಿಯನ್ನು ಹೀಗೆ ಗಂಟೆಗಟ್ಟಲೆ ಗಾಳಿಗೆ ಬಿಟ್ಟರೆ ಪರಿಮಳ ಹಾರಿಹೋದೀತು, ಅದನ್ನು ತೆರೆದ ಸ್ವಲ್ಪ ಹೊತ್ತಿಗೇ ಬಡಿಸಬೇಕು. ಶಾಖ 16ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಕೋಣೆಯಲ್ಲಿ ಆಲ್ಕೋಹಾಲ್ ಮೂಗಿಗೆ ಚುಚ್ಚುತ್ತದೆ, ಮೊದಲು ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಡಿ. ತೀರಾ ತಣ್ಣಗಾದರೆ ಒಗರು ಒರಟಾಗುತ್ತದೆ.

ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿರಿ, ಗಷ್ಟು ತಳ ಸೇರಲಿ. ಬಗ್ಗಿಸುವಾಗ ಕತ್ತಿನ ಹಿಂದೆ ದೀಪವಿರಲಿ, ಕೈ ಅಲುಗದಿರಲಿ. ಕಪ್ಪು ಎಳೆಯೊಂದು ಭುಜ ದಾಟಿ ಕತ್ತಿನತ್ತ ಬರುವುದು ಕಂಡ ಕ್ಷಣ ನಿಲ್ಲಿಸಿ. ಉಳಿದ ಎರಡು ಬೆರಳಷ್ಟನ್ನು ಬಾಟಲಿಯಲ್ಲೇ ಬಿಟ್ಟುಬಿಡಬೇಕು.