ಕಾದ್ಯಾ ಮೊಲೊಡೊವ್‌ಸ್ಕಿ ಕಾಗದಪತ್ರಗಳ ಕೈಸೂಚಿ: ಇಲ್ಲಿವರೆಗೆ ಆದದ್ದು

ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ನುಡಿ, ಬರೆಯುವುದು ಹೀಬ್ರೂ ಲಿಪಿಯಲ್ಲಿ) ಕವಿ, ಶಿಕ್ಷಕಿ ಕಾದ್ಯಾ ಮೊಲೊಡೊವ್‌ಸ್ಕಿ (1894–1975) ಅವರ ಕಾಗದಪತ್ರಗಳು ನ್ಯೂಯಾರ್ಕಿನ ಯಿವೊ ಎಂಬ ಯಿಡ್ಡಿಷ್ ಅಧ್ಯಯನ ಸಂಸ್ಥೆಯಲ್ಲಿವೆ. ಅವನ್ನೂ ಅವರ ಅಚ್ಚಾದ ಬರಹಗಳನ್ನೂ ಜೊತೆಗಿಟ್ಟು ಓದುವವರಿಗೆ ಅನುಕೂಲವಾಗಲೆಂದು, ಯಾವುದು ಎಲ್ಲಿದೆ ಎಂದು ತೋರಿಸುವ ಈ ಕೈಸೂಚಿ. ಹೆಸರುಗಳ ಕಡತ ಮುಗಿದಿದೆ. ದಿನಾಂಕದ ಕಾಲಂ ಬಹುಪಾಲು ತುಂಬಿದೆ. ಮಕ್ಕಳ ಪದ್ಯಗಳ ಭಾಗವನ್ನು ಈಗಷ್ಟೇ ಕೈಗೆತ್ತಿಕೊಂಡದ್ದು.

ಹೆಸರುಗಳಿಗೆ ಅಂದಾಜಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಒಬ್ಬರೇ ವ್ಯಕ್ತಿ ಪೋಲಿಷ್ ದಾಖಲೆಯಲ್ಲಿ ಮೊಲೊಡೊವ್‌ಸ್ಕಾ, ಇಂಗ್ಲಿಷಿನಲ್ಲಿ ಮೊಲೊಡೊವ್‌ಸ್ಕಿ. ಯಿಡ್ಡಿಷ್ ಮತ್ತು ಹೀಬ್ರೂ ಬರಹಗಳಲ್ಲಿ ಲಿಪಿ ಒಂದೇ ಆದರೂ ಕಾಗುಣಿತ ಬೇರೆ. ನಾಲ್ಕನ್ನೂ ಒಂದೇ ಗುರುತಿನ ಸಂಖ್ಯೆಗೆ ಕಟ್ಟದಿದ್ದರೆ ಹುಡುಕಾಟದಲ್ಲಿ ಅರ್ಧ ಸಾಮಗ್ರಿ ಕೈತಪ್ಪುತ್ತದೆ. ರಿವ್ಕೆ ಝಿಲ್‌ಬರ್ಗ್ ಎಂಬ ಹೆಸರು ಇನ್ನೂ ತೊಡಕಿನದು. ಮೊಲೊಡೊವ್‌ಸ್ಕಿ ಅವರ 1942ರ ಕಾದಂಬರಿಯಲ್ಲಿ ದಿನಚರಿ ಬರೆಯುವ ವಲಸೆ ಹುಡುಗಿ ಅವಳು. ಮುಂದೆ ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆ ಫೋರ್ವರ್ಟ್ಸ್‌ನಲ್ಲಿ ಯಹೂದಿ ಮಹಿಳೆಯರ ಬಗ್ಗೆ ಅಂಕಣ ಬರೆಯುವಾಗ ಮೊಲೊಡೊವ್‌ಸ್ಕಿ ಅದೇ ಹೆಸರನ್ನು ಇಟ್ಟುಕೊಂಡರು. ಆದ್ದರಿಂದ 'ಪಾತ್ರ' ಮತ್ತು 'ಕಾವ್ಯನಾಮ' ಎಂದು ಎರಡು ನಮೂದು ಮಾಡಿ, ಒಂದರಿಂದ ಇನ್ನೊಂದಕ್ಕೆ ಸೂಚನೆ ಕೊಟ್ಟಿದ್ದೇವೆ.

ದಿನಾಂಕಕ್ಕೆ ಮೂರು ಕಾಲಂ: ಕಾಗದದ ಮೇಲಿದ್ದಂತೆ, ಪರಿವರ್ತಿಸಿದ್ದು, ಪರಿವರ್ತನೆಯ ಆಧಾರ. ಹೀಬ್ರೂ ವರ್ಷವನ್ನು ಅಕ್ಷರಗಳಲ್ಲಿ ಬರೆಯುತ್ತಾರೆ, ಸಾವಿರದ ಸ್ಥಾನವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಉದಾಹರಣೆಗೆ ತಾವ್ 400, ಶಿನ್ 300, ಯುದ್ 10, ಆಲೆಫ್ 1: ಒಟ್ಟು 711. ಇದಕ್ಕೆ 1240 ಕೂಡಿಸಿದರೆ 1951. ಆದರೆ ಅದೇ ವರ್ಷದ ಖೆಶ್ವನ್ ತಿಂಗಳ ಕಾಗದ 1950ರದ್ದು, ಏಕೆಂದರೆ ಹೀಬ್ರೂ ವರ್ಷ ಶರತ್ಕಾಲದಲ್ಲೇ ಶುರುವಾಗುತ್ತದೆ; ಡಿಸೆಂಬರ್ ಕೊನೆಯವರೆಗೆ ಕೂಡಿಸಬೇಕಾದ್ದು 1239. ಶಕವರ್ಷಕ್ಕೆ 78 ಕೂಡಿಸುವವರು ಜನವರಿ ದಾಟಿದ ಮೇಲೆ 79 ಕೂಡಿಸುವ ಹಾಗೆಯೇ ಇದು. ತೇವೆಸ್ ತಿಂಗಳು ಸಾಮಾನ್ಯವಾಗಿ ಎರಡು ಇಸವಿಗಳ ಗಡಿಯ ಮೇಲೆ ಬರುತ್ತದೆ, ಹಾಗಾಗಿ ಅಲ್ಲಿ ತಿಥಿ ಇಲ್ಲದೆ ಇಸವಿ ಬರೆಯುವುದಿಲ್ಲ. ರಷ್ಯಾ ಸಾಮ್ರಾಜ್ಯದ ಕಾಲದ ದಾಖಲೆಗಳ ಲೆಕ್ಕ ಬೇರೆ, ಅಲ್ಲಿ ಬಳಕೆಯಲ್ಲಿದ್ದದ್ದು ಹಳೆಯ ಜೂಲಿಯನ್ ಕ್ಯಾಲೆಂಡರ್: 1900ರ ನಂತರದವುಗಳಿಗೆ 13 ದಿನ ಸೇರಿಸಬೇಕು. ಪತ್ರದಲ್ಲಿ ವರ್ಷವೇ ಇಲ್ಲದಿದ್ದರೆ ಲಕೋಟೆಯ ಅಂಚೆಮುದ್ರೆಯೇ ಗತಿ; ಲಕೋಟೆಯನ್ನು ಪತ್ರದಿಂದ ಬೇರ್ಪಡಿಸಬಾರದು ಅನ್ನುವುದು ಇದಕ್ಕೇ.

ಕೈಬರಹದಲ್ಲಿ ಹೀಬ್ರೂ ಲಿಪಿಯ ಯುದ್, ವೋವ್, ಪದದ ಕೊನೆಯ ನುನ್ ಮೂರೂ ಬರೀ ಗೀಟುಗಳು. ಉದ್ದದಲ್ಲಷ್ಟೇ ವ್ಯತ್ಯಾಸ, ಅವಸರದ ಕೈಯಲ್ಲಿ ಅದೂ ಉಳಿಯುವುದಿಲ್ಲ. ಸಂಶಯವಿದ್ದಲ್ಲಿ ಊಹಿಸಿ ತುಂಬದೆ ಚೌಕ ಕಂಸ ಹಾಕುತ್ತೇವೆ.

ಟೈಪ್ ಮಾಡಿದ ಪಠ್ಯ ಹುಡುಕಾಟಕ್ಕೆ ಸಿಗದಿದ್ದುದಕ್ಕೆ ಕಾರಣ ಯೂನಿಕೋಡ್. ಜೋಡಿ ಯುದ್ ಅನ್ನು ಎರಡು ಅಕ್ಷರವಾಗಿಯೂ ಒತ್ತಬಹುದು, ಒಂದೇ ಕೂಡಕ್ಷರವಾಗಿಯೂ ಒತ್ತಬಹುದು. ತೆರೆಯ ಮೇಲೆ ಎರಡೂ ಒಂದೇ ತರ, ಕಂಪ್ಯೂಟರಿಗೆ ಬೇರೆ ಬೇರೆ. ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದಾಗಿಸುವ ಸಾಮಾನ್ಯ ನಾರ್ಮಲೈಸೇಶನ್ ಇದನ್ನು ಮುಟ್ಟುವುದೇ ಇಲ್ಲ. ಜೋಡಿ ವೋವ್, ವೋವ್-ಯುದ್, ಜೋಡಿ ಯುದ್ ಮೂರಕ್ಕೂ ಬದಲಿ ಕೋಷ್ಟಕ ಬರೆದು, ಹುಡುಕುವ ಪದ ಮತ್ತು ಪಠ್ಯ ಎರಡನ್ನೂ ಅದರ ಮೂಲಕ ಹಾಯಿಸಿದ ಮೇಲೆ ಸರಿಹೋಯಿತು. ಕಾಗುಣಿತದ ಸಮಸ್ಯೆಗೆ ಇಂಥ ಸುಲಭ ದಾರಿ ಇಲ್ಲ. ಯಿವೊ ತನ್ನ ಕಾಗುಣಿತ ನಿಯಮಗಳನ್ನು ಪ್ರಕಟಿಸಿದ್ದು 1937ರಲ್ಲಿ; ಮೊಲೊಡೊವ್‌ಸ್ಕಿ ಅವರ ಮೊದಲ ಕವನ ಸಂಕಲನ ಬಂದದ್ದು ಅದಕ್ಕೂ ಮೊದಲೇ, 1927ರಲ್ಲಿ. ಮೂಲದ ಕಾಗುಣಿತವನ್ನು ತಿದ್ದದೆ ಹಾಗೇ ಇಟ್ಟು, ಪಕ್ಕದ ಕಾಲಂನಲ್ಲಿ ಯಿವೊ ರೂಪ ಕೊಡುತ್ತಿದ್ದೇವೆ.

ಇನ್ನು ಮಕ್ಕಳ ಪದ್ಯಗಳು. ವಾರ್ಸಾದಲ್ಲಿ ಮೊಲೊಡೊವ್‌ಸ್ಕಿ ಹಗಲು ತ್ಸಿಷೊ ಜಾಲದ ಯಿಡ್ಡಿಷ್ ಶಾಲೆಯಲ್ಲಿ, ಸಂಜೆ ಹೀಬ್ರೂ ಪಾಠ ಹೇಳುತ್ತಿದ್ದರು; 1935ರಲ್ಲಿ ಅಮೆರಿಕಕ್ಕೆ ಬಂದರು. ಅವರ ಕಾಗದಗಳನ್ನು 'ಸಾಹಿತ್ಯ', 'ಶಾಲೆ' ಎಂದು ಎರಡು ಪಾಲು ಮಾಡುವುದನ್ನು ನಾವು ಒಪ್ಪುವುದಿಲ್ಲ. ತರಗತಿಯ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಪದ್ಯಗಳೇ ಪುಸ್ತಕವಾದವು, ಹಾಡಾದವು, ಹೀಬ್ರೂ ಕವಿಗಳಾದ ಲೇಆ ಗೋಲ್ಡ್‌ಬರ್ಗ್, ನಾಥಾನ್ ಆಲ್ಟರ್‌ಮನ್ ಅವರಂಥವರ ಕೈಯಲ್ಲಿ ಹೀಬ್ರೂಗೆ ಹೋಗಿ ಇಸ್ರೇಲಿನ ಮಕ್ಕಳ ಬಾಯಲ್ಲಿ ಉಳಿದವು. ಹಾಗಾಗಿ ಪ್ರತಿ ಪದ್ಯಕ್ಕೆ ಒಂದು 'ಕೃತಿ' ನಮೂದು. ಅದರಡಿ ಹಸ್ತಪ್ರತಿ, ಪತ್ರಿಕೆಯ ಅಚ್ಚು, ಪುಸ್ತಕ, ಹೀಬ್ರೂ ಅನುವಾದ ಒಂದೊಂದಕ್ಕೂ ಪ್ರತ್ಯೇಕ 'ಪ್ರತಿ' ನಮೂದು, ಅನುವಾದಕರ ಹೆಸರಿನ ಸಮೇತ.

ಅವರೇ ಸಂಪಾದಿಸಿದ 'ಸ್ವಿವೆ' ಪತ್ರಿಕೆ 1943–44ರಲ್ಲಿ ಒಮ್ಮೆ, ಮತ್ತೆ 1960–74ರಲ್ಲಿ ಬಂದಿದೆ. ಎರಡೂ ಸರಣಿಗಳಲ್ಲಿ ಒಂದೇ ಸಂಚಿಕೆ ಸಂಖ್ಯೆ ಇದ್ದೀತು. ವರ್ಷ ಸೇರಿಸದೆ ಬರೀ ಸಂಖ್ಯೆ ಹಾಕಬೇಡಿ. ಆತ್ಮಕಥನ 1965ರಿಂದ ಇದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಮುಂದಿನ ಕೆಲಸ ಅದರ ಕಂತುಗಳಲ್ಲಿ ಬರುವ ಊರು, ಶಾಲೆಗಳ ಹೆಸರನ್ನು ಹೆಸರುಗಳ ಕಡತಕ್ಕೆ ಜೋಡಿಸುವುದು. ಪುಟಗಳನ್ನು ಬಲದಿಂದ ಎಡಕ್ಕೆ ಎಣಿಸಬೇಕು; ಸ್ಕ್ಯಾನಿನ ಮೊದಲ ಫೈಲು ಹಿಂಬದಿಯ ರಕ್ಷಾಪುಟವಾಗಿದ್ದರೆ ಮೊದಲು ಕ್ರಮ ತಿರುಗಿಸಿ, ಆಮೇಲೆ ಪುಟಸಂಖ್ಯೆ ಕೊಡಿ.